ಗೋಡೆಯಲ್ಲಿಲ್ಲದ ಬಾಗಿಲು

ಮಾರ್ಚ್ ೧೪, ಶುಕ್ರವಾರ

ಹೊಸ ವಿಶ್ವವಿದ್ಯಾಲಯದ ಕಥೆಯನ್ನು ನನಗೆ ಮೊದಲು ಹೇಳಿದವರು ಸರ್ವೆ ಕೆಲಸದ ಭಾವ, ಹೋದ ವರ್ಷ. ಗ್ರಂಥಾಲಯದ ಬಾಗಿಲು ನಮ್ಮ ಬೀದಿಗೇ ತೆರೆಯುತ್ತದೆ, ಯಾರು ಬೇಕಾದರೂ ಒಳಗೆ ಕೂತು ಓದಬಹುದು ಎಂದಿದ್ದರು. ನಾನು ಉಪ್ಪುಖಾರ ಹಚ್ಚಿ ಇಡೀ ಬೀದಿಗೆ ಹೇಳಿದೆ.

ಇವತ್ತು ಗೋಡೆ ಮುಗಿಯಿತು. ನಮ್ಮ ಕಡೆ ಬಾಗಿಲೇ ಇಲ್ಲ.

"ನಕ್ಷೇಲಿ ಯಾವತ್ತೂ ಇರ್ಲಿಲ್ಲ ಕಣೋ," ಎಂದರು ಭಾವ, ಟೀ ಆರಿಸಿಕೊಳ್ಳುತ್ತ. "ನಿನ್ನ ಬಾಯಲ್ಲಿ ಬಂದ್ರೆ ಜನ ನಂಬ್ತಾರೆ."

"ನನಗಾದ್ರೂ ನಿಜ ಹೇಳಬಾರದಿತ್ತಾ, ಭಾವ?"

"ಹೇಳಿದ್ರೆ ನೀನು ಅಷ್ಟು ಚೆನ್ನಾಗಿ ಹೇಳ್ತಿದ್ಯಾ?"

ನಿದ್ದೆ ಬರುತ್ತಿಲ್ಲ. ನಾನು ಕಥೆ ಹೇಳಿದ ಮರುದಿನ ಬೆಳಿಗ್ಗೆ ಬೀದಿಯವರೆಲ್ಲ ತಮ್ಮ ಹಿತ್ತಲ ಬೇಲಿಯನ್ನು ತಾವೇ ಕಿತ್ತು ಕಟ್ಟಡಕ್ಕೆ ಜಾಗ ಬಿಟ್ಟರು. ದರ್ಜಿ ಅಕ್ಕ ಬಾಗಿಲು ಎಲ್ಲಿ ಬರುತ್ತದೆಂದು ನನ್ನನ್ನೇ ಕೇಳಿಕೊಂಡು, ಮಕ್ಕಳು ಎಡವದಿರಲಿ ಎಂದು ಅಲ್ಲಿನ ನೆಲವನ್ನು ಸಮ ಮಾಡಿದಳು.