ನೀನು ಬಿಟ್ಟುಹೋದ ಮಾತ್ರೆಗಳು

ಅಮ್ಮ,

ಇವತ್ತು ತಂಗಿಯನ್ನು, ನಿನ್ನನ್ನು ನೋಡುತ್ತಿದ್ದ ಕ್ಯಾನ್ಸರ್ ಡಾಕ್ಟರ ಬಳಿಯೇ ಕರೆದುಕೊಂಡು ಹೋಗಿದ್ದೆ. ನಿನ್ನ ಹಾಗೆಯೇ ಅವಳಿಗೂ ಎದೆಯಲ್ಲಿ ಗಂಟು; ಅದರ ಪರೀಕ್ಷೆಯ ರಿಪೋರ್ಟ್ ಬಂದಿತ್ತು. ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಅವರು ಕೇಳಿದಾಗ, ಇವಳು ಬ್ಯಾಗಿನಿಂದ ನಿನ್ನ ಹಳೆಯ ಮಾತ್ರೆಗಳನ್ನು ತೆಗೆದಿಟ್ಟಳು. ಗಂಟು ಕೈಗೆ ಸಿಕ್ಕಿದಂದಿನಿಂದ ಯಾರಿಗೂ ಹೇಳದೆ ಅವನ್ನೇ ನುಂಗುತ್ತಿದ್ದಳಂತೆ.

"ನಿಮ್ಮಮ್ಮನ ಗಂಟಿನ ಜೀವಕೋಶಗಳಲ್ಲಿ ಹಾರ್ಮೋನಿಗೆ ಅಂತ ಒಂದು ರಿಸೆಪ್ಟರ್, ಅಂದ್ರೆ ಒಂದು ಸೀಟು, ಇತ್ತು. ಹಾರ್ಮೋನು ಅಲ್ಲಿ ಕೂತ್ರೆ ಬೆಳೀರಿ ಅಂತ ಸುದ್ದಿ ಹೋಗೋದು. ಈ ಮಾತ್ರೆ ಆ ಸೀಟು ಹಿಡೀತು, ಅಷ್ಟೆ. ನಿಮ್ಮಲ್ಲಿ ಆ ಸೀಟೇ ಇಲ್ಲ. ಇರೋದು ಬೇರೆ ರಿಸೆಪ್ಟರು, ಅದೂ ವಿಪರೀತ ಸಂಖ್ಯೆಯಲ್ಲಿ. ಯಾರೂ ಹೇಳದಿದ್ರೂ ಬೆಳೀರಿ ಅಂತಾನೇ ಇರುತ್ತೆ. ಅದಕ್ಕೆ ಔಷಧಿ ಬೇರೆ. ಬೇಗ ಬರಬೇಕಿತ್ತು," ಎಂದರು ಡಾಕ್ಟರ್.

"ಅಮ್ಮನ್ನ ಅಷ್ಟು ವರ್ಷ ಉಳಿಸ್ತಲ್ಲ! ಮಾತ್ರೆಗೂ ನನ್ನ ಕಂಡ್ರೆ ಆಗಲ್ವಾ, ಡಾಕ್ಟ್ರೇ?" ಎಂದು ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಹೊರಗೆ ಬಂದು, "ಅದನ್ನಿತ್ತ ಕೊಡೇ," ಎಂದೆ.

"ಅಮ್ಮಂದು ಕಣೇ ಅಕ್ಕ, ಇರ್ಲಿ ಬಿಡು," ಎಂದು ಬ್ಯಾಗಿನ ಜಿಪ್ ಎಳೆದಳು.

ಬೈಯಬೇಕೋ ತಬ್ಬಿಕೊಳ್ಳಬೇಕೋ ತಿಳಿಯಲಿಲ್ಲ. ಡಾಕ್ಟರ್ ಹೇಳಿದ್ದು ಸುಮಾರಾಗಿ ಅರ್ಥವಾಯಿತು, ಅಮ್ಮ. ಅರ್ಥವಾಗದ್ದು ಬೇರೆ. ಗಂಟು ಸಿಕ್ಕಿದ ದಿನ ಅವಳು ಈ ಮಾತ್ರೆಗಾಗಿ ನಿನ್ನ ಬೀರು ತೆರೆದಳು. ಪಕ್ಕದ ಕೋಣೆಯಲ್ಲೇ ಇದ್ದ ನನ್ನನ್ನು ಕರೆಯಲಿಲ್ಲ. ಯಾಕಿರಬಹುದು?