ಸಾವಿಲ್ಲದ ವರ್ಷ

ಸೇಡಂ
9 ಫೆಬ್ರವರಿ 2025

ಪ್ರೀತಿಯ ಮಗಳು ಸುಮಂಗಲಾ,

ಹೇಗಿದ್ದೀಯಮ್ಮಾ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳ ಬಸುರಿ, ನೆಲ ಒರೆಸಿ ಒಳ್ಳೆಯ ಸೊಸೆ ಅನಿಸಿಕೊಳ್ಳುವುದು ಬೇಡ. ಒಂದಿಷ್ಟು ಸೋಮಾರಿ ಅನಿಸಿಕೋ. ಈ ಕಾಲದಲ್ಲಿ ಪತ್ರವೇ ಎಂದು ನಗಬೇಡ. ಚಿಮ್ಮನಚೋಡದ ನಿಮ್ಮ ಮನೆಯಲ್ಲಿ ಫೋನಿನ ಮಾತೆಲ್ಲ ಸ್ಪೀಕರಿನಲ್ಲೇ ನಡೆಯುತ್ತದೆ, ನಿನಗಿಂತ ಮೊದಲು ನಿಮ್ಮತ್ತೆ ಉತ್ತರ ಕೊಡುತ್ತಾರೆ. ನಿನ್ನ ಕುಬಸಕ್ಕೆ, ಸೀಮಂತದ ದಿನ ಉಡಲು, ಹಸಿರು ಸೀರೆ ತಂದಿಟ್ಟಿದ್ದೇನೆ. ಅಂಚು ನೀನು ಬೈಯುವಷ್ಟು ಅಗಲ.

ನಮ್ಮ ಆಸ್ಪತ್ರೆಗೆ ಮೊನ್ನೆ ಪ್ರಶಸ್ತಿ ಬಂತು. ವರ್ಷವಿಡೀ ಒಬ್ಬ ಬಾಣಂತಿಯೂ ಸಾಯಲಿಲ್ಲ ಎಂದು ಬಾಗಿಲಲ್ಲಿ ಬೋರ್ಡು ತೂಗುಹಾಕಿ, ಅದಕ್ಕೆ ಹಾರ ಹಾಕಿದ್ದಾರೆ. ಅಂಥ ವರ್ಷಕ್ಕೆ ಸಿಬ್ಬಂದಿಗೆಲ್ಲ ಇನ್ಸೆಂಟಿವ್ ಬೇರೆ. ಪೇಢೆ ಹಂಚಿದರು. ನನ್ನ ಪಾಲಿನದನ್ನು ಹಾಗೇ ಡಬ್ಬಿಗೆ ವಾಪಸು ಇಟ್ಟೆ ಮಗಳೇ.

ಡಿಸೆಂಬರಿನಲ್ಲಿ ನಮ್ಮ ತಾಲೂಕಿನ ಮುಧೋಳದ ಹಣಮವ್ವ ತನ್ನ ಮಗಳು ಭಾಗ್ಯಳನ್ನು ಚೊಚ್ಚಲ ಹೆರಿಗೆಗೆಂದು ಶಹಾಬಾದಿನ ಗಂಡನ ಮನೆಯಿಂದ ಕರೆತಂದು ನಮ್ಮಲ್ಲಿ ಸೇರಿಸಿದ್ದಳು. "ಮೊದಲ್ನೇದು ತವರಾಗೇ ಆಗ್ಬೇಕ್ರಿ ಸಿಸ್ಟರ್" ಎಂದು ಭಾಳ ಹಿಗ್ಗಿನಿಂದ ಹೇಳುತ್ತಿದ್ದಳು. ಕೂಸು ಚೆನ್ನಾಗಿ ಹುಟ್ಟಿತು, ತಾಯಿಗೆ ರಕ್ತ ನಿಲ್ಲಲಿಲ್ಲ. ಇಲ್ಲೇ ರಕ್ತ ಏರಿಸಿ, ಸ್ವಲ್ಪ ಸುಧಾರಿಸಿದ ಮೇಲೆ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಕಳಿಸೋಣ ಎಂದರು ಡಾಕ್ಟರಮ್ಮ. ಅಷ್ಟರಲ್ಲಿ ಮ್ಯಾನೇಜರ್ ಅಮರನಾಥ ಬಾಗಿಲಿಗೆ ಬಂದು, "ಮೊದ್ಲು ಗಾಡ್ಯಾಗ ಹಾಕ್ರಿ. ಇಲ್ಲಿ ಹೆಚ್ಚುಕಮ್ಮಿ ಆದ್ರ ಎಲ್ಲಾರ ಇನ್ಸೆಂಟಿವ್ ಹೋಗ್ತದ" ಎಂದ. ಅವನೇನು ರಾಕ್ಷಸನಲ್ಲ, ಅವನ ತಲೆಯ ಮೇಲೂ ಕೂತವರಿದ್ದಾರೆ. ಸ್ಟ್ರೆಚರನ್ನು ಆಂಬುಲೆನ್ಸಿಗೆ ಏರಿಸಿದರು, ಒಂದು ತುದಿಗೆ ನಾನೂ ಕೈ ಕೊಟ್ಟೆ.

ಕಲಬುರಗಿಗೆ ಅವಳ ಜೊತೆ ಹೋದವಳು ನಾನೇ. "ಕೂಸಿಗಿ ಇನ್ನಾ ಹಾಲು ಕುಡಿಸಿಲ್ರಿ ಅಕ್ಕಾ" ಎಂದು ನನ್ನ ಕೈ ಬಿಡದೆ ಹೇಳುತ್ತಿದ್ದಳು. ಮಳಖೇಡ ದಾಟುವಷ್ಟರಲ್ಲಿ ಮಾತು ನಿಂತಿತು, ಕೈ ತಣ್ಣಗಾಯಿತು. ದಾರಿಯಲ್ಲಿ ಆದ ಸಾವು ನಮ್ಮ ಆಸ್ಪತ್ರೆಯದಲ್ಲವಂತೆ. ಅವಳಿಗೆ ನಿನ್ನದೇ ವಯಸ್ಸು. ಆ ಹಾರ ಕಂಡಾಗಲೆಲ್ಲ ಅಳು ಬರುತ್ತದೆ, ಸ್ಟೋರ್ ರೂಮಿಗೆ ಹೋಗಿ ಅತ್ತು ಬರುತ್ತೇನೆ.

ಅಳಿಯಂದಿರಿಗೆ ಆಶೀರ್ವಾದ, ಬೀಗರಿಗೆ ಶರಣು ತಿಳಿಸು. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅವ್ವ,
ಭೀಮಬಾಯಿ

ಕವರು ಅಂಟಿಸುವ ಮುನ್ನ ಇನ್ನೊಂದು ಮಾತು: ಕುಬಸಕ್ಕೆ ಬಾ, ಹೆರಿಗೆಗೆ ಬರಬೇಡ. ಮೊದಲೇ ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಸೇರು, ನಾನು ರಜೆ ಹಾಕಿ ಅಲ್ಲಿಗೇ ಬರುತ್ತೇನೆ. ಪ್ರಶಸ್ತಿ ಬಂದ ಆಸ್ಪತ್ರೆ ತವರಿನಲ್ಲೇ ಇರುವಾಗ ಕಲಬುರಗಿಗೆ ಯಾಕೆ ಎಂದು ನಿಮ್ಮತ್ತೆ ಕೇಳಿಯೇ ಕೇಳುತ್ತಾರೆ. ನಮ್ಮವ್ವ ಆ ಪ್ರಶಸ್ತಿಯ ಆಸ್ಪತ್ರೆಯಲ್ಲೇ ನರ್ಸು, ಅದಕ್ಕೇ ಎನ್ನು.