ಜಾಲರಿ ಚೀಲದ ಹೊಲಿಗೆ

ಜೂನ್ ೧೧, ಭಾನುವಾರ ಮಧ್ಯಾಹ್ನ

ನನ್ನ ಮುದ್ದಿನ ಎರೆಹುಳುವಿಗೆ,

ಅಕ್ಕನ ಆಶೀರ್ವಾದ. ನಿನ್ನ ಭಾಷಣದ ಕರಡು ಬಂದು ಮೂರು ವಾರವಾಯಿತು, ಉತ್ತರ ಬರೆಯದೆ ಕೂತದ್ದಕ್ಕೆ ಬೈಯಬೇಡ. ಶಾಲೆ ಶುರುವಾಗುವ ಸಮಯ, ಸಮವಸ್ತ್ರದ ಬಟ್ಟೆ ಕಿಟಕಿಯ ಎತ್ತರಕ್ಕೆ ಬಿದ್ದಿದೆ. ಕೂರಲು ಜಾಗವಿಲ್ಲ, ಇನ್ನು ಹೊಲಿಗೆ ಯಂತ್ರದ ಮೇಲೇ ತಟ್ಟೆ ಇಟ್ಟುಕೊಳ್ಳುತ್ತೇನೆ ಎಂದು ನಿನ್ನ ಭಾವ ಹೆದರಿಸುತ್ತಿದ್ದಾರೆ.

ಪ್ರಾಧ್ಯಾಪಕಿಯಾಗಿ ನಿನ್ನ ಮೊದಲ ಭಾಷಣ! ನಾಲ್ಕು ಸಲ ಓದಿದೆ. ಅರ್ಧ ಅರ್ಥವಾಗಲಿಲ್ಲ, ಆದರೂ ಎದೆ ತುಂಬಿ ಬಂತು. ಸಸ್ಯಶಾಸ್ತ್ರ ಓದಿದ ನೀನು ಹಳೆಯ ಊರು ಅಗೆಯುವವರ ಜೊತೆ ಹೊರಟಾಗ ಅಪ್ಪ ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಉಳಿದವರು ಅರಮನೆ, ನಾಣ್ಯ ಹುಡುಕಿದರೆ ನೀನು ಹುಡುಕಿದ್ದು ಒಲೆಯ ಬೂದಿ. ಬತ್ತಿದ ಕೆರೆಯ ತಳಕ್ಕೆ ಕೊಳವೆ ಇಳಿಸಿ, ಕೆಸರಿನಲ್ಲಿದ್ದ ಪರಾಗದ ಕಣ ಎಣಿಸಿ, ಸುತ್ತಲಿನ ಕಾಡು ಯಾವಾಗ ಬರಿದಾಯಿತು ಎಂದು ಹೇಳಿದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಆ ಜನ ಏನು ತಿಂದು ಬದುಕಿದರು ಎನ್ನುವುದೇ ನಿನ್ನ ಚಿಂತೆ. ಸತ್ತು ಮೂರು ಸಾವಿರ ವರ್ಷವಾದವರ ಹೊಟ್ಟೆಯ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳುವವಳು ನಿನ್ನ ಬೆಳಗಿನ ತಿಂಡಿ ಮಾತ್ರ ಮರೆಯುತ್ತಿದ್ದೆ.

ನೀವು ಅಗೆಯುತ್ತಿದ್ದ ಜಾಗದ ಅಂಗಳದ ಆ ನೀರಿನ ತೊಟ್ಟಿ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಅಗೆದ ಮಣ್ಣನ್ನು ಅದಕ್ಕೆ ಸುರಿದರೆ ಸುಟ್ಟು ಕರಿಯಾದ ಹಳೆಯ ಕಾಳುಗಳು ತೇಲಿ, ನಾನು ಹೊಲಿದ ಜಾಲರಿ ಚೀಲಕ್ಕೆ ಬಂದು ಸೇರುತ್ತಿದ್ದವು. ತೇಲಿದ ಕಾಳಲ್ಲಿ ಚೀಲ ಎಷ್ಟನ್ನು ಹಿಡಿಯುತ್ತದೆ ಎಂದು ನೋಡಲು ನೀನೇ ಹುರಿದು ಕರಿ ಮಾಡಿದ ನೂರು ಸಾಸಿವೆ ಕಾಳು ಎಣಿಸಿ ತೊಟ್ಟಿಗೆ ಹಾಕಿದೆ. ತೊಂಬತ್ತಮೂರು ಸಿಕ್ಕವು. "ಸಾಕು ಬಿಡಕ್ಕಾ, ಏಳು ನೀರುಪಾಲಾಯ್ತು ಅಂತ ಬರ್ಕೋತೀನಿ" ಅಂದೆ. ಮುಂದೆ ಸುರಿದ ಮಣ್ಣಿನಲ್ಲಿ ಐದು ಸಾಸಿವೆ ಬಂದವು. ಅಷ್ಟು ಹಿಂದೆಯೇ ಅಲ್ಲಿ ಸಾಸಿವೆ ಬೆಳೆಯುತ್ತಿದ್ದರು ಎಂದು ನೀನು ಬರೆದ ಲೇಖನವನ್ನು ಎಲ್ಲರೂ ಹೊಗಳಿದ್ದೇ ಹೊಗಳಿದ್ದು.

ಎರಡು ವರ್ಷದ ಮೇಲೆ ನೀನೇ ಆ ಕಾಳುಗಳ ವಯಸ್ಸು ಪರೀಕ್ಷೆ ಮಾಡಿಸಿದೆ. ಮೊನ್ನೆ ಮೊನ್ನೆಯವು ಎಂದು ಉತ್ತರ ಬಂತು. ಯಾರೂ ಕೇಳುವ ಮೊದಲೇ ಲೇಖನ ಹಿಂತೆಗೆದುಕೊಂಡೆ. ಚೀಲ ತೊಳೆದ ಹೆಂಗಸಿನ ಮೇಲೆ ಹೊರಿಸಿಬಿಡು ಎಂದು ನಿಮ್ಮ ಮುಖ್ಯಸ್ಥರು ದಾರಿ ತೋರಿಸಿದರಂತೆ. "ಅವರು ತೊಳೆದದ್ದನ್ನ ನಾನೇ ನಿಂತು ನೋಡಿದೀನಿ. ಕಾಳು ಬೆರೆತಿದ್ದು ನನ್ನ ಮೇಜಿನ ಮೇಲೇ ಇರ್ಬೇಕು" ಅಂದವಳು ನೀನು. ಬರಬೇಕಿದ್ದ ಬಡ್ತಿ ಹನ್ನೊಂದು ವರ್ಷ ದೂರ ಹೋಯಿತು. ನೀನು ಮಾತ್ರ ತೊಟ್ಟಿಯ ಹತ್ತಿರ ಹೋಗಿ ಮೊದಲಿನಿಂದ ಶುರು ಮಾಡಿದೆ. ಚೀಲದ ಪರೀಕ್ಷೆಗೆ ಆ ನೆಲದಲ್ಲಿ ಬೆಳೆಯಲಾರದ ಬೀಜವನ್ನೇ ಹಾಕಬೇಕು ಎಂದು ನಿನ್ನ ವಿದ್ಯಾರ್ಥಿಗಳಿಗೆಲ್ಲ ಕಲಿಸಿದೆ. ಇಂಥವಳು ನನ್ನ ತಂಗಿ ಎಂದು ಗುಂಡಿ ಹಾಕಿಸಲು ಬಂದವರಿಗೂ ಬಿಡದೆ ಹೇಳುತ್ತೇನೆ.

ನಿನ್ನ ಕಣ್ಣು, ನಿನ್ನ ಸೊಂಟ ಎರಡೂ ಗಟ್ಟಿಯಾಗಿರಲಿ, ಮಗಳೇ. ಭಾಷಣದ ದಿನ ಏನಾದರೂ ತಿಂದು ಹೋಗು.

ಇಂತಿ
ನಿನ್ನ ಅಕ್ಕ

ಸಹಿ ಹಾಕಿದ ಮೇಲೆ: ಇದು ಮರೆತ ಮಾತಲ್ಲ, ಧೈರ್ಯ ಸಾಲದೆ ಕೆಳಗೆ ಉಳಿದದ್ದು. ಕಾಳು ನಿನ್ನ ಮೇಜಿನ ಮೇಲೆ ಬೆರೆಯಿತು ಎಂದು ಕರಡಿನ ಏಳನೆಯ ಪುಟದಲ್ಲಿ ಬರೆದಿದ್ದೀಯ. ಅದನ್ನು ಹೊಡೆದುಹಾಕು. ಚೀಲಕ್ಕೆ ಒಂಟಿ ಹೊಲಿಗೆ ಸಾಕು, ಅಂಚು ಮಡಿಚಬೇಡ ಎಂದು ನೀನು ಹೇಳಿದ್ದೆ. ಗಟ್ಟಿಯಾಗಿರಲಿ ಎಂದು ನಾನು ಮಡಿಚಿ ಎರಡು ಸಲ ಹೊಲಿದೆ. ನೀನು ಲೇಖನ ಹಿಂತೆಗೆದುಕೊಂಡ ವರ್ಷವೇ, ಹರಿದು ನನ್ನ ಬಳಿ ವಾಪಸು ಬಂದಿದ್ದ ಆ ಹಳೆಯ ಚೀಲವನ್ನು ನಾನು ಬಿಚ್ಚಿ ನೋಡಿದೆ. ಎಷ್ಟು ತೊಳೆದರೂ ಬಿಡದೆ ಮಡಿಕೆಯೊಳಗೆ ಕಾಳು ಕೂತಿದ್ದವು. ವಯಸ್ಸಿನ ಪರೀಕ್ಷೆಗೆ ಮೊದಲೇ ಬರೆದದ್ದು ನಿನ್ನ ಆತುರವೇ ಇರಲಿ, ಕಾಳು ಬೆರೆಸಿದ್ದು ನಾನು. ಹೇಳಿದರೆ ಇನ್ನು ಮುಂದೆ ನನ್ನ ಕೈಲಿ ಚೀಲ ಹೊಲಿಸುವುದಿಲ್ಲವೇನೋ ಎಂದು ಹೆದರಿ ಹನ್ನೊಂದು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಈ ಕಾಗದದ ಮೂಲೆಗೆ ಒಂದು ಪುಟ್ಟ ಪೊಟ್ಟಣ ಹೊಲಿದಿದ್ದೇನೆ, ಒಂಟಿ ಹೊಲಿಗೆಯಲ್ಲೇ. ಒಳಗೆ ಆ ಮಡಿಕೆಯಲ್ಲಿ ಸಿಕ್ಕ ಎರಡು ಕಾಳಿವೆ. ಅಂದು ಸಿಕ್ಕ ತೊಂಬತ್ತಮೂರು, ಆಮೇಲೆ ಬಂದ ಐದು, ಈ ಎರಡು. ಕೂಡಿ ನೋಡು, ನೂರಾಗುತ್ತದೆ.